ಕಾದವರ ಮೈಕು

ಎಲ್ಲರಿಗಿಂತ ಹೆಚ್ಚು ಕಾಲ ಕಾದವರಿಗಷ್ಟೇ ಮೈಕುಗಳು ಬಾಯಿ ಬಿಡತೊಡಗಿ ಮೂರು ವರ್ಷವಾಗಿತ್ತು. ಈಗ ಯಾರೂ ಅವನ್ನು ರಿಪೇರಿಗೆ ಒಯ್ಯುತ್ತಿರಲಿಲ್ಲ. ಧಾರವಾಡದ ಮಹಿಳಾ ಹೋರಾಟ ಸಭೆಯಲ್ಲಿ ಅಧ್ಯಕ್ಷೆ ಮಂದಾಕಿನಿ ರೂಢಿಯಂತೆ ಒಬ್ಬೊಬ್ಬರನ್ನೇ ಕರೆದರು. ಯಾರಿಗೂ ಮೈಕು ಓಗೊಡಲಿಲ್ಲ.

"ಇನ್ನ್ಯಾರು ಉಳದಾರ?"

"ಎಲ್ಲಾರ್ದೂ ಆತ್ರಿ ಮೇಡಂ," ಎಂದಳು ಕಾರ್ಯದರ್ಶಿ. "ಆ ಸಿದ್ದಿ ಹೆಣ್ಮಗಳು ಅದಾಳ. ಆಕಿ ಡಮಾಮಿ ಬಾರಿಸಾಕ ಬಂದಾಕಿ."

ಮಂದಾಕಿನಿ ವೇದಿಕೆ ಇಳಿದು, ಡಮಾಮಿ ಡೋಲಿನ ಪಕ್ಕ ಕುಳಿತಿದ್ದ ಜುಲಿಯಾನಾಳ ಮುಂದೆ ಮೈಕು ಹಿಡಿದರು.

"ಹನ್ನೊಂದು ವರ್ಷದಿಂದ ಬಾರಿಸೋಕೆ, ಕುಣಿಯೋಕೆ ಕರೀತೀರಿ," ಎಂಬ ದನಿ ಸಭಾಂಗಣ ತುಂಬಿತು. "ನನ್ನ ಗುಂಗುರು ಕೂದಲು ನೋಡಿ ಪ್ರತಿ ಸಲ ಯಾವ ದೇಶದವಳು ಅಂತ ಕೇಳ್ತೀರಿ. ನಾನು ಯಲ್ಲಾಪುರದವಳು ಅಕ್ಕಾ."

ಮಾತು ಮುಗಿಸಲು ಅವಳಿಗೆ ಒಂದು ಗಂಟೆ ಬೇಕಾಯಿತು. ಆಮೇಲೆ ಮೈಕನ್ನು ಮಂದಾಕಿನಿಗೆ ಚಾಚಿದಳು. ಅವರು ತೆಗೆದುಕೊಳ್ಳಲಿಲ್ಲ. ಸಭೆ ಮುಗಿಯಲೆಂದು ಬಾಗಿಲಲ್ಲಿ ಕಸಬರಿಗೆ ಹಿಡಿದು ಕಾಯುತ್ತ ನಿಂತಿದ್ದವಳಿಗೆ ತಮ್ಮ ಕುರ್ಚಿ ತಂದು ಹಾಕಿದರು.