ಶೇಖಮ್ಮನ ಒಳಕಲ್ಲು

ಗುಳೆ ಹೋದವರ ಮನೆಗಳನ್ನು ಕೆಡವಿ ಗುತ್ತಿಗೆದಾರ ಕಲ್ಲು ತಂದ. ಎಪ್ಪತ್ತೆರಡರ ಬರದಲ್ಲಿ ಹಸಿದವರಿಗೆ ಕೂಲಿ ಸಿಗಲೆಂದು ಸರಕಾರ ಹಾಕಿಸುತ್ತಿದ್ದ ಮಾನ್ವಿ ರಸ್ತೆಗೆ ಜಲ್ಲಿ ಸಾಲದಾಗಿತ್ತು.

ಬಂಡಿಯಿಂದ ಸುರಿದ ರಾಶಿಯಲ್ಲಿ ಗೋಪಮ್ಮನ ಪಾಲಿಗೆ ಬಂದದ್ದು ಒಂದು ಒಳಕಲ್ಲು. ಸುತ್ತಿಗೆ ಎತ್ತಿದವಳು ಹಾಗೇ ನಿಂತಳು. ಅಂಚಿನಲ್ಲಿ ಒಂದು ಚೂರು ಹಾರಿತ್ತು. ಇವಳ ಮದುವೆಯ ಅರಿಶಿನ ಕುಟ್ಟುವಾಗ ಒನಕೆ ಜಾರಿ ಅದನ್ನು ಹಾರಿಸಿದವಳು ಅಕ್ಕ ಶೇಖಮ್ಮ. ಗೋಪಮ್ಮ ಕುಳಿಯೊಳಗೆ ಕೈಯಾಡಿಸಿ ಬೆರಳು ಮೂಸಿದಳು. ಬೆಳ್ಳುಳ್ಳಿ ಖಾರದ ಘಾಟು ಇನ್ನೂ ಅಲ್ಲೇ ಇತ್ತು. ಹೈದರಾಬಾದಿಗೆ ಗುಳೆ ಹೊರಟ ದಿನ ಅಕ್ಕ ಮನೆಯ ಕೀಲಿಕೈಯನ್ನು ಇವಳ ಸೆರಗಿಗೆ ಕಟ್ಟಿ ನಕ್ಕಿದ್ದಳು: "ಮಳಿ ಬಿದ್ದ ಮ್ಯಾಲೆ ಬರ್ತೀನಿ. ಖಾರ ನಾನ ಕುಟ್ತೀನಿ, ನೀ ಕುಟ್ಟಿದ್ದು ನಾಯಿನೂ ತಿನ್ನಂಗಿಲ್ಲ." ಆ ಕೀಲಿಕೈ ಈಗಲೂ ಸೆರಗಿನ ಗಂಟಿನಲ್ಲಿತ್ತು.

"ಏನ್ ಬೇ, ಕಲ್ಲಿನ ವಾಸನಿ ನೋಡಾಕತ್ತಿ? ಹೊಟ್ಟಿ ತುಂಬ್ತೇನು?" ಮೇಸ್ತ್ರಿ ಹನುಮಂತ್ರಾಯ ಹತ್ತಿರ ಬಂದ. "ಒಡಿ ಅದನ್ನ."

"ಇದು ನಮ್ಮಕ್ಕಂದು ರೀ."

"ಮನೀನ ಇಲ್ಲ, ಅಕ್ಕ ಎಲ್ಲಿಂದ ಬಂದ್ಲು? ಒಡಿಲಿಲ್ಲಂದ್ರ ಸಂಜಿಗೆ ಜ್ವಾಳ ಇಲ್ಲ ನೋಡು. ನಿನ್ನ ಮಕ್ಕಳು ಉಪಾಸ ಮಕ್ಕೊಂತಾವ."

ಗೋಪಮ್ಮ ಮಾನ್ವಿಯ ಕಡೆಯಿಂದ ಬರುವ ದಾರಿಯನ್ನು ಒಮ್ಮೆ ನೋಡಿದಳು. ಯಾರೂ ಬರುತ್ತಿರಲಿಲ್ಲ. ಸುತ್ತಿಗೆಯನ್ನು ಮೇಸ್ತ್ರಿಯ ಕಾಲ ಬಳಿ ಇಟ್ಟು, ಒಳಕಲ್ಲನ್ನು ಎರಡೂ ಕೈಯಿಂದ ತಬ್ಬಿ ಕುಳಿತಳು.

"ಬಂದ ಮ್ಯಾಲೆ ಆಕಿ ಖಾರ ಎದರಾಗ ಕುಟ್ಟಬೇಕ್ರಿ?" ಎಂದಳು. "ನಾ ಒಡಿಯಂಗಿಲ್ಲ."