ಒಳಗ ಜಗ್ಗತೈತಿ

"ಗುರುವಾರ ಹುಬ್ಬಳ್ಳಿಗೆ ಹೋಗೂದು ಬ್ಯಾಡ. ದವಾಖಾನಿಗೆ ಫೋನ್ ಮಾಡಿ ಬರೂದಿಲ್ಲ ಅಂತ ಹೇಳೇನಿ," ಎಂದ ದುರ್ಗೇಶ. ಹೊಲಿಗೆ ಮಷಿನಿನಿಂದ ತಲೆ ಕೂಡ ಎತ್ತಲಿಲ್ಲ.

ಪಕ್ಕದಲ್ಲಿ ಬ್ಲೌಸಿಗೆ ಹುಕ್ಕು ಹಚ್ಚುತ್ತ ಕುಳಿತಿದ್ದ ಅವನ ಹೆಂಡತಿ ಸತ್ಯವ್ವ ಸೂಜಿ ಕೆಳಗಿಟ್ಟಳು. "ನನ್ನ ಒಂದ ಮಾತು ಕೇಳಿದ್ರೇನು?"

"ಏನ್ ಕೇಳೂದೈತಿ? ಸ್ಕ್ಯಾನ್ ರಿಪೋರ್ಟಿನ್ಯಾಗ ಎಲ್ಲಾ ನಾರ್ಮಲ್ ಅಂತ ಬರದಾರ. ಏನೂ ಇಲ್ಲದ ಹೊಟ್ಟಿ ಮತ್ತ್ಯಾಕ ಕೊಯ್ಸಬೇಕು?"

"ಒಳಗ ಅಂಟಿಕೊಂಡಿದ್ದು ಸ್ಕ್ಯಾನಿನ್ಯಾಗ ಕಾಣೂದಿಲ್ಲ, ಹೊಟ್ಟಿಗೆ ಸಣ್ಣ ತೂತು ಮಾಡಿ ದುರ್ಬೀನ್ ಹಾಕೇ ನೋಡಬೇಕು ಅಂತ ಡಾಕ್ಟರು ನಿಮ್ಮ ಮುಂದನ ಹೇಳ್ಯಾರ. ಈ ತಾರೀಖು ತಪ್ಪಿದ್ರ ಇನ್ನ ಎರಡು ತಿಂಗಳು ಸಿಗೂದಿಲ್ಲ."

"ನೀ ಬರೇ ಮನಸ್ಸಿಗೆ ಹಚ್ಕೊಂಡೀದಿ. ನಾಕ ದಿನ ಗರಗಕ್ಕ ನಿಮ್ಮವ್ವನ ಕಡೆ ಹೋಗಿ ಬಾ, ಎಲ್ಲಾ ಸರಿ ಆಗ್ತೈತಿ."

ಸರಿ ಆಗ್ತೈತಿ ಅನ್ನುವುದನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಮೂರು ವರ್ಷದ ಹಿಂದೆ ಗರ್ಭಕೋಶ ತೆಗೆಸಿದ್ದಳು. ಹೊರಗಿನ ಗಾಯ ಹದಿನೈದು ದಿನಕ್ಕೇ ಮಾಯಿತು. ಒಳಗೆ ಕರುಳು ಒಂದಕ್ಕೊಂದು ಅಂಟಿಕೊಂಡಿರಬೇಕು ಎಂದು ಹೇಳುವ ಒಬ್ಬ ಡಾಕ್ಟರು ಸಿಗಲು ಮಾತ್ರ ಮೂರು ವರ್ಷ ಬೇಕಾಯಿತು. ಅಲ್ಲಿಯತನಕ ಗ್ಯಾಸ್ ಅಂದವರಿದ್ದಾರೆ, ದೃಷ್ಟಿ ಅಂದವರಿದ್ದಾರೆ, ಕೆಲಸ ತಪ್ಪಿಸಲು ನಾಟಕ ಅಂದ ನಾದಿನಿಯೂ ಇದ್ದಾಳೆ. ಕುಡಿದ ಜೀರಿಗೆ ನೀರಿನಲ್ಲಿ ಒಂದು ಬಾವಿ ತುಂಬುತ್ತಿತ್ತು. ಒಂದು ರೊಟ್ಟಿ ಪೂರ್ತಿ ತಿಂದರೆ ಹೊಟ್ಟೆಯೊಳಗೆ ಹಿಡಿದು ತಿರುಚಿದಂತಾಗುತ್ತದೆ. ಕತ್ತರಿಸುವ ಮೇಜಿನ ಮೇಲೆ ಬಾಗಿದರೆ ನೆಟ್ಟಗೆ ನಿಲ್ಲಲು ಐದು ನಿಮಿಷ ಬೇಕು. ಅದೆಲ್ಲವನ್ನೂ ಹೇಗೋ ತಡೆದುಕೊಂಡಿದ್ದಳು. ಇವತ್ತಿನ ಫೋನನ್ನು ತಡೆದುಕೊಳ್ಳಲು ಆಗಲಿಲ್ಲ.

ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಮೃಣಾಲಿನಿ ಮೇಡಂ ಅಂಗಡಿಗೆ ಬಂದರು. ಕಾಲೇಜಿನಲ್ಲಿ ಗಣಿತ ಕಲಿಸುವವರು, ಹಳೆಯ ಗಿರಾಕಿ. ಹೋದ ವಾರ ಒಯ್ದಿದ್ದ ರೇಷ್ಮೆ ಬ್ಲೌಸನ್ನು ಕೌಂಟರಿನ ಮೇಲಿಟ್ಟು ಸ್ಟೂಲಿನ ಮೇಲೆ ಕುಳಿತರು.

"ನೋಡ್ರಿ ದುರ್ಗೇಶ, ಬಲಗೈ ಎತ್ತಿದ್ರ ಇದು ಎಲ್ಲೋ ಜಗ್ಗತದ. ಬೋರ್ಡಿನ ಮ್ಯಾಲ ಬರೀಲಿಕ್ಕೇ ಆಗವಲ್ದು. ನೋಡಿದವ್ರೆಲ್ಲಾ ಛಲೋ ಕೂತದ ಅಂತಾರ, ನನಗ ಮಾತ್ರ ಜಗ್ಗತದ."

ದುರ್ಗೇಶ ಬ್ಲೌಸನ್ನು ಹಿಂದೆ ಮುಂದೆ ತಿರುಗಿಸಿದ. ಟ್ಯೂಬ್‌ಲೈಟಿಗೆ ಹಿಡಿದು ನೋಡಿದ. ಟೇಪು ಹಿಡಿದು ಕಂಕುಳು, ತೋಳು, ಎದೆ ಎಲ್ಲ ಅಳೆದ. ಒಂದು ನೂಲಿನಷ್ಟೂ ತಪ್ಪಿರಲಿಲ್ಲ.

"ಹೊರಗ ಏನೂ ಕಾಣವಲ್ದು," ಎಂದ. "ಆದ್ರ ಹಾಕ್ಕೊಂಡವ್ರು ಜಗ್ಗತೈತಿ ಅಂದ್ರ ಜಗ್ಗತೈತ್ರಿ ಮೇಡಂ. ಅದನ್ನ ನಮ್ಮ ಕಣ್ಣು ಹೇಳಾಕ ಬರೂದಿಲ್ಲ. ಬಿಚ್ಚೇ ನೋಡಬೇಕು."

ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಅವನು ಹೇಳುತ್ತ ಬಂದದ್ದು ಇದನ್ನೇ. ಸಪ್ತಾಪುರದಲ್ಲಿ ಅವನ ಅಂಗಡಿಗೆ ಹೆಸರು ಬಂದದ್ದೂ ಇದರಿಂದಲೇ. ಬ್ಲೇಡಿನಿಂದ ತೋಳಿನ ಹೊಲಿಗೆ ಬಿಚ್ಚಿ, ಒಳಗಿನ ಅಸ್ತರವನ್ನು ಮೆಲ್ಲಗೆ ಸರಿಸಿದ.

"ಇಲ್ಲೆ ನೋಡ್ರಿ. ಅಸ್ತರ, ಮ್ಯಾಲಿನ ರೇಷ್ಮಿ ಒಂದಕ್ಕೊಂದು ಹಿಡಕೊಂಡಾವು. ಮೂರ ಹೊಲಿಗಿ, ಅಷ್ಟ. ಹೊರಗಿಂದ ನೂರ ಸಲ ನೋಡಿದ್ರೂ ತಿಳೀತಿದ್ದಿಲ್ಲ. ಪಾಪ, ಒಂದ ವಾರ ಹೆಂಗ ತಡಕೊಂಡ್ರಿ?" ಎಂದವನೇ ಚೀಟಿಯ ಮೇಲೆ ಬರೆದ: 'ಮೃಣಾಲಿನಿ ಮೇಡಂ. ಬಲಗೈ. ಒಳಗ ಜಗ್ಗತೈತಿ. ಗುರುವಾರ.' ಚೀಟಿಯನ್ನು ಬ್ಲೌಸಿಗೆ ಪಿನ್ನು ಮಾಡಿ ಪಕ್ಕಕ್ಕಿಟ್ಟ.

ಒಂದು ವಾರಕ್ಕೆ ಪಾಪ ಅಂದಿದ್ದ. ಸತ್ಯವ್ವನ ಮೈಯೆಲ್ಲ ಉರಿಯಿತು. ರೇಷ್ಮೆಗೆ ಇರುವ ಮರ್ಯಾದೆ ಹೆಂಡತಿಯ ಕರುಳಿಗಿಲ್ಲ. ಅಪರೂಪಕ್ಕೆ ಬರುವವರ ತೋಳು ಜಗ್ಗಿದರೆ ಅದು ಖರೆ, ಹಗಲೂ ರಾತ್ರಿ ಪಕ್ಕದಲ್ಲಿರುವವಳ ಹೊಟ್ಟೆ ಜಗ್ಗಿದರೆ ಅದು ಮನಸ್ಸಿನ ರೋಗ.

ಮೇಜಿನ ಅಂಚು ಹಿಡಿದು ಎದ್ದಳು. ಹೊಟ್ಟೆಯಲ್ಲಿ ಎಂದಿನಂತೆ ಚುಳ್ಳೆಂದಿತು. ಆದರೆ ಇವತ್ತು ಎಂದಿನಂತೆ ಮುಷ್ಟಿ ಒತ್ತಿ ನಿಲ್ಲಲಿಲ್ಲ. ಗಂಡನ ಕೈಯಿಂದ ಪೆನ್ನು ಕಸಿದುಕೊಂಡು ಇನ್ನೊಂದು ಚೀಟಿಯ ಮೇಲೆ ಬರೆದಳು. ಪಿನ್ನಿನ ಡಬ್ಬಿಯಿಂದ ಒಂದು ಪಿನ್ನು ತೆಗೆದು, ಆ ಚೀಟಿಯನ್ನು ಹೊಟ್ಟೆಯ ಮೇಲೆ ಸೀರೆಗೆ ಚುಚ್ಚಿಕೊಂಡಳು. ಕೌಂಟರು ಸುತ್ತಿ ಗಿರಾಕಿಗಳು ನಿಲ್ಲುವ ಕಡೆ ಹೋದಳು. ಮೃಣಾಲಿನಿ ಮೇಡಂ ಏನೂ ಕೇಳದೆ ಸ್ಟೂಲು ಬಿಟ್ಟುಕೊಟ್ಟರು. ಸತ್ಯವ್ವ ಗಂಡನಿಗೆ ಎದುರಾಗಿ ಕುಳಿತಳು.

ದುರ್ಗೇಶ ಬಗ್ಗಿ ಓದಿದ. 'ಸತ್ಯವ್ವ. ಹೊಟ್ಟಿ. ಒಳಗ ಜಗ್ಗತೈತಿ. ಗುರುವಾರ.'

"ಏನಿದು, ಮಂದಿ ಮುಂದ..." ಎಂದ ಸಣ್ಣ ದನಿಯಲ್ಲಿ.

"ಮಂದಿ ಹೇಳಿದ್ರ ನಂಬತೀರಿ. ಅದಕ್ಕ ಮಂದಿ ಕುಂಡ್ರೂ ಜಾಗಾದಾಗ ಕುಂತೇನಿ," ಎಂದಳು ಸತ್ಯವ್ವ. "ಈ ಮೈ ಹಾಕ್ಕೊಂಡಾಕಿ ನಾನು. ಜಗ್ಗತೈತಿ ಅಂತ ನಾ ಹೇಳಾಕತ್ತೇನಿ."