ಒಣಗಿದ ಮೇಲೂ ಉಳಿದ ಮುನ್ನುಡಿ

ಸುಳ್ಳು ಬರೆದರೆ ಶಾಯಿ ಒಣಗುವಷ್ಟರಲ್ಲಿ ಅಕ್ಷರ ಮಾಯವಾಗುವ ಈ ಕಾಲದಲ್ಲಿ ಪುಸ್ತಕ ತರುವುದೆಂದರೆ ಬರೀ ತಲೆನೋವು. ಜೇಡಗಳ ಬಗ್ಗೆ ನಾನು ಬರೆದದ್ದೆಲ್ಲ ಗಟ್ಟಿಯಾಗಿ ನಿಂತಿತ್ತು. ನನ್ನ ಗುರುಗಳಾದ ಪ್ರೊಫೆಸರ್ ಶ್ರೀಪತಿರಾಯರು ಅಂಚೆಯಲ್ಲಿ ಕಳಿಸಿದ ಮುನ್ನುಡಿ ಮಾತ್ರ ಮೂರನೇ ಸಲವೂ ಖಾಲಿ ಹಾಳೆಯಾಗಿ ಬಂತು. ಕೆಳಗೆ ಸಹಿಯೊಂದೇ ಉಳಿದಿತ್ತು.

ಪ್ರಕಾಶಕರು ಫೋನಿನಲ್ಲೇ ರೇಗಿದರು. "ಭಾನುವಾರ ಬಿಡುಗಡೆ ಮೇಡಂ! ಓದದೇನೇ 'ಓದಿ ಸಂತೋಷಪಟ್ಟೆ' ಅಂತ ಬರೆದ್ರೆ ನಿಲ್ಲುತ್ತಾ?"

ಸಿಟ್ಟಿನಲ್ಲಿ ನೇರವಾಗಿ ಗುರುಗಳ ಮನೆಗೇ ಹೋದೆ. ಹಾಳೆಯನ್ನು ಅವರ ಮುಖದೆದುರು ಹಿಡಿದೆ.

"ನೀವೇ ನೋಡಿ ಸಾರ್! ಒಂದು ಪುಟನಾದ್ರೂ ಓದಬಾರದಿತ್ತಾ?"

ಅವರು ನೋಡಲಿಲ್ಲ. ಕೈಯಾಡಿಸಿ ಹಾಳೆಯನ್ನು ಹುಡುಕಿ ಹಿಡಿದು, ಬೆರಳಿನಿಂದ ಸವರಿದರು.

"ಈ ಸಲಾನೂ ಖಾಲಿನೇನಮ್ಮಾ? ಪೆನ್ನು ಕೈಗೆ ಕೊಡು."

ಸಾಲಿನ ಮೇಲೆ ಸಾಲು ಬೀಳುವಂತೆ ಅಂಕುಡೊಂಕಾಗಿ ಬರೆದರು. ಶಾಯಿ ಒಣಗಿತು. ಒಂದಕ್ಷರವೂ ಅಳಿಯಲಿಲ್ಲ.

"ನನಗೆ ಕಣ್ಣು ಕಾಣಿಸದೆ ಎರಡು ವರ್ಷವಾಯಿತು. ಮುನ್ನುಡಿ ಬರೆದುಕೊಡಿ ಎಂದು ಎಲ್ಲರೂ ಕೇಳುತ್ತಾರೆ. ಓದಿ ಹೇಳಲೇ ಎಂದು ಈವರೆಗೆ ಯಾರೂ ಕೇಳಲಿಲ್ಲ."